ಎರಡು ಹೆಸರಿನ ಬದುಕು: ಮಾರುವೇಷದ ಕೆಲಸಕ್ಕೆ ಮನಸ್ಸು ತೆರುವ ಬೆಲೆ

ತೆನಾಲಿ ರಾಮಕೃಷ್ಣನ ಹೆಸರಿನಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಇಂದಿಗೂ ಹೇಳುವ ಒಂದು ಕಥೆಯುಂಟು. ಹಲವು ಭಾಷೆಗಳನ್ನು ಒಂದೇ ಸಮನಾಗಿ ಆಡಬಲ್ಲ ಪಂಡಿತನೊಬ್ಬ ರಾಜಸಭೆಗೆ ಬಂದು, ತನ್ನ ಮನೆಮಾತು ಯಾವುದೆಂಬುದನ್ನು ಗುರುತಿಸಿರೆಂದು ಸವಾಲು ಹಾಕುತ್ತಾನೆ. ಸಭೆಯ ವಿದ್ವಾಂಸರೆಲ್ಲ ಸೋತು ಕೂರುತ್ತಾರೆ. ರಾಮಕೃಷ್ಣನು ರಾತ್ರಿ ಗಾಢನಿದ್ರೆಯಲ್ಲಿದ್ದ ಪಂಡಿತನ ಮೇಲೆ ತಣ್ಣೀರು ಸುರಿಸುತ್ತಾನೆ. ಬೆಚ್ಚಿ ಎದ್ದವನ ಬಾಯಿಂದ ಹೊರಟ ಮೊದಲ ಬೈಗುಳವೇ ಅವನ ತಾಯ್ನುಡಿಯನ್ನು ಬಯಲಿಗೆಳೆಯುತ್ತದೆ.

ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡಗಳ ಕನ್ನಡಿಗರಾದ ನಮಗೆ ಇದು ಬರಿಯ ವಿನೋದದ ಕಥೆಯಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮತ್ತು ಕಚೇರಿಯಲ್ಲಿ ತೆಲುಗು, ಅಜ್ಜಂದಿರ ಕಾಲದ ಜಮೀನಿನ ಕಾಗದಗಳಲ್ಲಿ ಉರ್ದು. ದಿನಕ್ಕೆ ಎಷ್ಟು ಸಲ ಮಾತು ಬದಲಿಸುತ್ತೇವೆಂಬ ಲೆಕ್ಕವನ್ನು ನಾವು ಇಟ್ಟವರಲ್ಲ. ಆದರೆ ಸಂಜೆ ಹೊಸ್ತಿಲು ದಾಟಿ ಒಳಬಂದಾಗ ನಮ್ಮನ್ನು ಕರೆಯುವ ಹೆಸರು ನಮ್ಮದೇ. ಈ ಮರಳುವಿಕೆಯ ಸೌಖ್ಯವಿಲ್ಲದೆ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಅನ್ಯರ ನಡುವೆ ಅನ್ಯ ಹೆಸರಿನಿಂದ ಬಾಳಬೇಕಾದ ವ್ಯಕ್ತಿಯ ಮನಸ್ಸು ಏನನ್ನು ಅನುಭವಿಸುತ್ತದೆ? ಅದನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರುತ್ತದೆ? ಚಲನಚಿತ್ರಗಳು ಈ ಕೆಲಸಕ್ಕೆ ತೊಡಿಸಿರುವ ಥಳಕನ್ನು ಬದಿಗಿಟ್ಟು, ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಕೌಟಿಲ್ಯನು ಕಂಡ ಗುಟ್ಟು

ಹಳಗನ್ನಡದಿಂದ ಬಂದ ‘ಬೇಹು’ ಎಂಬ ಮಾತು ನಮ್ಮಲ್ಲಿ ಇನ್ನೂ ಜೀವಂತವಾಗಿದೆ. ಬೇಹುಗಾರ, ಗೂಢಚಾರ, ಗುಪ್ತಚರ ಎಂಬ ಶಬ್ದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುವುದುಂಟು. ಆದರೆ ಇಲ್ಲಿ ಎರಡು ಬಗೆಯವರನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮೊದಲನೆಯವನು, ತರಬೇತಿ ಪಡೆದು, ಸಂಬಳ ಪಡೆದು, ಸುಳ್ಳು ಗುರುತಿನಿಂದ ಇನ್ನೊಂದು ಗುಂಪಿನೊಳಗೆ ಹೊಗುವವನು. ಎರಡನೆಯವನು, ತನ್ನ ಹೆಸರಿನಲ್ಲಿಯೇ, ತನ್ನ ಊರಿನಲ್ಲಿಯೇ ಇದ್ದುಕೊಂಡು ಗುಟ್ಟಾಗಿ ಸುದ್ದಿ ಮುಟ್ಟಿಸುವ ಮಾಹಿತಿದಾರ. ಮೊದಲನೆಯವನಿಗೆ ಎಂದಾದರೊಂದು ದಿನ ವೇಷ ಕಳಚುವ ಅವಕಾಶವಿದೆ. ಎರಡನೆಯವನಿಗೆ ಕಳಚಲು ವೇಷವೇ ಇಲ್ಲ. ಗುಟ್ಟು ಹೊರಬಿದ್ದ ದಿನವೂ ಅವನು ಅದೇ ಓಣಿಯಲ್ಲಿ ಬಾಳಬೇಕು.

ಈ ವಿದ್ಯೆಯನ್ನು ಕ್ರಮವಾಗಿ ಬರೆದಿಟ್ಟ ನಮ್ಮ ಪ್ರಾಚೀನ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಅದರ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ, 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಗೂಢಪುರುಷರ ಬಗ್ಗೆ ಹೇಳುವಾಗ ಕೌಟಿಲ್ಯನು ವಿದ್ಯಾರ್ಥಿಯ, ಸನ್ಯಾಸ ಬಿಟ್ಟವನ, ಒಕ್ಕಲಿಗನ, ವ್ಯಾಪಾರಿಯ, ತಪಸ್ವಿಯ ವೇಷಗಳನ್ನು ಎಣಿಸುತ್ತಾನೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಒಕ್ಕಲಿಗನ ವೇಷಕ್ಕೆ ಅವನು ಆರಿಸಿಕೊಳ್ಳುವುದು ಬೇಸಾಯ ಕೈಕೊಟ್ಟ ನಿಜವಾದ ಒಕ್ಕಲಿಗನನ್ನು. ವ್ಯಾಪಾರಿಯ ವೇಷಕ್ಕೆ, ವ್ಯಾಪಾರದಲ್ಲಿ ನಷ್ಟಹೊಂದಿದ ನಿಜವಾದ ವ್ಯಾಪಾರಿಯನ್ನು. ಸುಳ್ಳು ಕಡಿಮೆಯಾದಷ್ಟೂ ಅದನ್ನು ಹೊರುವ ಮನಸ್ಸಿನ ಭಾರ ಕಡಿಮೆಯಾಗುತ್ತದೆ. ನೇಗಿಲು ಹಿಡಿದು ಗೊತ್ತಿರುವ ಕೈ ನೇಗಿಲು ಹಿಡಿಯುವ ನಟನೆ ಮಾಡಬೇಕಾಗಿಲ್ಲ.

ಇನ್ನೆರಡು ಮಾತುಗಳೂ ಅಲ್ಲಿವೆ. ಒಬ್ಬನ ಸುದ್ದಿಯನ್ನು ನಂಬಬಾರದು, ಪರಸ್ಪರ ಅರಿಯದ ಮೂವರ ಮಾತು ಒಂದಾದಾಗ ನಂಬಬೇಕು ಎಂಬುದು ಒಂದು. ಗೂಢಪುರುಷರನ್ನು ಹಣದಿಂದಲೂ ಮರ್ಯಾದೆಯಿಂದಲೂ ಕಾಣಬೇಕೆಂಬುದು ಮತ್ತೊಂದು. ಹಣವೊಂದೇ ಸಾಲದೆಂಬುದು ಅವನಿಗೆ ತಿಳಿದಿತ್ತು. ಆದರೆ ಅದೇ ಗ್ರಂಥದಲ್ಲಿ, ಶತ್ರುವಿನ ಬಳಿ ಕೆಲಸಕ್ಕೆ ಸೇರಿ ಎರಡು ಕಡೆಯ ಸಂಬಳ ಪಡೆಯುವ ಚಾರರ ಹೆಂಡಿರು ಮಕ್ಕಳನ್ನು ರಾಜನು ತನ್ನ ವಶದಲ್ಲಿಟ್ಟುಕೊಳ್ಳಬೇಕೆಂಬ ನಿರ್ದಯ ಸಲಹೆಯೂ ಇದೆ. ಕಳುಹಿಸುವವನಿಗೆ ತಾನು ಕಳುಹಿಸಿದವನ ಮೇಲೆಯೇ ಪೂರ್ಣ ವಿಶ್ವಾಸವಿರುವುದಿಲ್ಲ ಎಂಬ ಕಹಿಸತ್ಯ ಅಂದಿನಿಂದ ಇಂದಿನವರೆಗೂ ಈ ವೃತ್ತಿಯ ಬೆನ್ನುಬಿಟ್ಟಿಲ್ಲ.

ಬೆದರಿಕೆಗಿಂತ ಸ್ನೇಹವೇ ಅಪಾಯ

ಇಂಥ ಕೆಲಸಕ್ಕೆ ಯಾರು ತಕ್ಕವರೆಂಬುದನ್ನು ವಿಜ್ಞಾನದ ರೀತಿಯಲ್ಲಿ ಪರೀಕ್ಷಿಸುವ ದೊಡ್ಡ ಪ್ರಯತ್ನ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಡೆಯಿತು. ಅಮೆರಿಕದ ಯುದ್ಧಕಾಲದ ಗುಪ್ತಚರ ಸಂಸ್ಥೆಯಾದ ಒಎಸ್‌ಎಸ್, 1943ರ ಕೊನೆಯಲ್ಲಿ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಬಳಿಯ ಒಂದು ತೋಟದ ಮನೆಯಲ್ಲಿ ಪರೀಕ್ಷಾಕೇಂದ್ರವನ್ನು ತೆರೆಯಿತು. ಹಾರ್ವರ್ಡ್‌ನ ಮನಶ್ಶಾಸ್ತ್ರಜ್ಞ ಹೆನ್ರಿ ಮರ್ರೆ ಈ ಕಾರ್ಯದ ಪ್ರಮುಖರು. ಅಲ್ಲಿಗೆ ಬಂದ ಪ್ರತಿ ಅಭ್ಯರ್ಥಿಯೂ ಹುಟ್ಟೂರು, ಓದು, ಉದ್ಯೋಗ, ವಾಸ ಎಲ್ಲವನ್ನೂ ಬದಲಿಸಿದ ಒಂದು ಸುಳ್ಳು ಕಥೆಯನ್ನು ಕಟ್ಟಿಕೊಂಡು, ಮೂರು ದಿನಗಳ ಕಾಲ ಅದನ್ನು ಕಾಪಾಡಿಕೊಳ್ಳಬೇಕಿತ್ತು.

ಪರೀಕ್ಷೆಯ ಒಂದು ಭಾಗ ಕಣ್ಣಿಗೆ ರಾಚುವ ಬೆಳಕಿನಲ್ಲಿ ಕೂರಿಸಿ, ಒಂದರ ಮೇಲೊಂದರಂತೆ ಪ್ರಶ್ನೆ ಎಸೆದು, ಕೊನೆಗೆ ‘ನೀನು ಸೋತೆ’ ಎಂದು ಘೋಷಿಸುವ ಕಠೋರ ವಿಚಾರಣೆ. ನಿಜವಾದ ಬಲೆ ಇದ್ದದ್ದು ಅದರ ನಂತರ. ಬಳಲಿ ಹೊರಬಂದವನನ್ನು ಇನ್ನೊಬ್ಬ ಅಧಿಕಾರಿ ಸಹಾನುಭೂತಿಯಿಂದ ಬರಮಾಡಿಕೊಂಡು, ನಿರಾಳವಾಗಿ ಹರಟೆಗೆ ಎಳೆಯುತ್ತಿದ್ದ. ಪರೀಕ್ಷೆ ಮುಗಿಯಿತೆಂದು ಭಾವಿಸಿದವನು ಅಲ್ಲಿ ತನ್ನ ನಿಜದ ಮಾತನ್ನು ಆಡಿಬಿಡುವ ಸಂಭವವಿತ್ತು. ಗದರಿಕೆಯ ಎದುರು ಮನಸ್ಸು ತಾನಾಗಿಯೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಅಕ್ಕರೆಯ ಎದುರು ಬಾಗಿಲು ಕಾಯುವುದು ಬಹು ಕಷ್ಟ.

ಈ ಪರೀಕ್ಷೆಯಲ್ಲಿ ಇನ್ನೊಂದು ಏರ್ಪಾಡೂ ಇತ್ತು. ‘ಎಕ್ಸ್ ಸ್ಥಿತಿ’ ಎಂದು ಕರೆಯಲಾದ ಕೆಲವು ನಿಶ್ಚಿತ ಸಂದರ್ಭಗಳಲ್ಲಿ ಅಭ್ಯರ್ಥಿಯು ಸುಳ್ಳನ್ನು ಬದಿಗಿಟ್ಟು ತನ್ನ ನಿಜ ಬದುಕನ್ನು ಹೇಳಬಹುದಾಗಿತ್ತು. ಪೂರ್ಣಕಾಲದ ಸುಳ್ಳಿನ ನಡುವೆಯೂ ನಿಜ ನುಡಿಯಲು ಒಂದು ಕೋಣೆ ಇರಬೇಕೆಂಬುದನ್ನು ಆ ಮನಶ್ಶಾಸ್ತ್ರಜ್ಞರು ಮರೆಯಲಿಲ್ಲ. ಈ ಕೋಣೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ನಿದರ್ಶನಗಳೂ ಇದರ ಸುತ್ತಲೇ ತಿರುಗುತ್ತವೆ.

ಒಂದೇ ತಲೆಯಲ್ಲಿ ಎರಡು ಲೆಕ್ಕದ ಪುಸ್ತಕ

ಮಾರುವೇಷದಲ್ಲಿರುವವನ ತಲೆಯಲ್ಲಿ ಎರಡು ಲೆಕ್ಕದ ಪುಸ್ತಕಗಳು ಏಕಕಾಲದಲ್ಲಿ ತೆರೆದಿರುತ್ತವೆ. ಯಾರಿಗೆ ಏನು ಹೇಳಿದೆ, ಯಾರೆದುರು ಯಾವುದನ್ನು ಅರಿಯದವನಂತೆ ಇದ್ದೆ, ಎಂಬುದನ್ನು ಎಚ್ಚರದ ಪ್ರತಿ ಕ್ಷಣವೂ ಹೊಂದಿಸಿ ನೋಡುತ್ತಿರಬೇಕು. ಬೇಡದ ಯೋಚನೆಯನ್ನು ಅದುಮಿದಷ್ಟೂ ಅದು ಪುಟಿದೇಳುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರ ಸರಳ ಪ್ರಯೋಗವೊಂದರಲ್ಲಿ ತೋರಿಸಿದರು. ಬಿಳಿಯ ಕರಡಿಯನ್ನು ನೆನೆಯಬೇಡಿರೆಂದು ಹೇಳಿದಾಗ ಜನರು ಅದನ್ನು ಮತ್ತೆ ಮತ್ತೆ ನೆನೆದರು. ನಿರ್ಬಂಧ ತೆಗೆದ ಮೇಲೆ ಇನ್ನೂ ಹೆಚ್ಚಾಗಿ ನೆನೆದರು. ಮೈಕೆಲ್ ಸ್ಲೆಪಿಯನ್ ಮತ್ತು ಅವರ ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪೂರಕವಾದ ಸಂಗತಿಯನ್ನು ಹೇಳುತ್ತದೆ: ಗುಟ್ಟನ್ನು ಇತರರೆದುರು ಮುಚ್ಚಿಡುವ ಶ್ರಮಕ್ಕಿಂತ, ಒಬ್ಬನೇ ಇರುವಾಗ ಮನಸ್ಸು ಪದೇ ಪದೇ ಆ ಗುಟ್ಟಿನತ್ತ ಹೊರಳುವುದೇ ನೆಮ್ಮದಿಯನ್ನು ಹೆಚ್ಚು ಕೆಡಿಸುತ್ತದೆ. ಅಂದರೆ ಗೂಢಚಾರನಿಗೆ ಹಗಲಿನ ಸಭೆಗಿಂತ ರಾತ್ರಿಯ ಏಕಾಂತ ಕಠಿಣ.

ತೆನಾಲಿಯ ತಣ್ಣೀರಿನ ಕಥೆಗೂ ಪ್ರಯೋಗಾಲಯದ ಸಮರ್ಥನೆಯಿದೆ. ಮನೆಮಾತು ಟರ್ಕಿಶ್ ಆಗಿದ್ದು, ನಂತರ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಗಳ ಮಾತುಗಳನ್ನು ಕೇಳಿಸಿ, ಅವರ ಚರ್ಮದ ಬೆವರಿನ ಸೂಕ್ಷ್ಮ ಬದಲಾವಣೆಗಳನ್ನು 2003ರ ಒಂದು ಅಧ್ಯಯನದಲ್ಲಿ ಅಳೆಯಲಾಯಿತು. ಬಾಲ್ಯದಲ್ಲಿ ಹಿರಿಯರು ಗದರಿಸುತ್ತಿದ್ದಂಥ ಮಾತುಗಳಿಗೆ ಮನೆಮಾತಿನಲ್ಲಿ ದೇಹ ಹೆಚ್ಚು ತೀವ್ರವಾಗಿ ಸ್ಪಂದಿಸಿತು. ಕಲಿತ ಭಾಷೆಯಲ್ಲಿ ಯೋಚಿಸುವಾಗ ಮನುಷ್ಯರ ತೀರ್ಮಾನಗಳಲ್ಲಿ ಭಾವನೆಯ ಸೆಳೆತ ತಗ್ಗುತ್ತದೆಂದು ಚಿಕಾಗೊ ವಿಶ್ವವಿದ್ಯಾಲಯದ ಬೋಯಾಜ್ ಕೈಸರ್ ಅವರ 2012ರ ಸಂಶೋಧನೆ ಸೂಚಿಸಿದೆ. ಪರಭಾಷೆ ಗೂಢಚಾರನಿಗೆ ಒಂದು ಕವಚ. ಅದರೊಳಗೆ ಸುಳ್ಳು ಸ್ವಲ್ಪ ಹಗುರವಾಗುತ್ತದೆ. ಆದರೆ ನೋವಾದಾಗ, ಲೆಕ್ಕ ಮಾಡುವಾಗ, ನಿದ್ದೆಯಲ್ಲಿ ಬಡಬಡಿಸುವಾಗ ಕವಚ ಜಾರುತ್ತದೆ. ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತವನು ಮುಂದೆ ಯಾವ ದೇಶಕ್ಕೆ ಹೋದರೂ ಮನಸ್ಸಿನಲ್ಲಿ ಕನ್ನಡದಲ್ಲಿಯೇ ಎಣಿಸುವುದನ್ನು ನಾವೆಲ್ಲ ಕಂಡಿದ್ದೇವೆ.

ಇದಕ್ಕಿಂತಲೂ ಆಳವಾದ ಕಷ್ಟ ನೈತಿಕವಾದುದು. ಅಮೆರಿಕದ ಎಫ್‌ಬಿಐ ಅಧಿಕಾರಿ ಜೋಸೆಫ್ ಪಿಸ್ಟೋನ್ 1976ರಿಂದ 1981ರವರೆಗೆ ‘ಡಾನಿ ಬ್ರಾಸ್ಕೊ’ ಎಂಬ ಹೆಸರಿನಿಂದ ನ್ಯೂಯಾರ್ಕಿನ ಬೊನಾನೊ ಮಾಫಿಯಾ ಗುಂಪಿನೊಳಗಿದ್ದರು. ಅವರ ಸಾಕ್ಷ್ಯದಿಂದ ನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಆ ವರ್ಷಗಳಲ್ಲಿ ಪತ್ನಿಯನ್ನೂ ಮೂವರು ಹೆಣ್ಣುಮಕ್ಕಳನ್ನೂ ಅವರು ಕಂಡದ್ದು ಅಪರೂಪ. ಅವರನ್ನು ನಂಬಿ ಗುಂಪಿನೊಳಗೆ ಬಿಟ್ಟುಕೊಂಡ ಮುಖಂಡ, ನಿಜ ಬಯಲಾದ ಕೆಲವೇ ವಾರಗಳಲ್ಲಿ, ಆ ನಂಬಿಕೆಯ ತಪ್ಪಿಗಾಗಿಯೇ ತನ್ನವರಿಂದ ಕೊಲೆಯಾದ. ಅಪರಾಧಿಯೇ ಇರಲಿ, ಒಟ್ಟಿಗೆ ಉಂಡವನ ಸಾವಿಗೆ ತನ್ನ ಸುಳ್ಳು ಕಾರಣವೆಂಬ ಅರಿವನ್ನು ಪದಕದಿಂದ ತೊಳೆಯಲಾಗದು.

‘ತಕ್ಕವಳಲ್ಲ’ ಎನಿಸಿಕೊಂಡ ನೂರ್

ಧೈರ್ಯವಂತರು ಯಾರೆಂಬುದನ್ನು ಮೊದಲೇ ಹೇಳುವುದು ಎಷ್ಟು ಕಷ್ಟವೆಂಬುದಕ್ಕೆ ನಮ್ಮ ನಾಡಿನ ಇತಿಹಾಸದೊಂದಿಗೆ ನಂಟುಳ್ಳ ಒಂದು ಜೀವನವೇ ಸಾಕ್ಷಿ. ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವರೆಂದು ಪ್ರಸಿದ್ಧರಾದ ನೂರ್ ಇನಾಯತ್ ಖಾನ್, 1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿದರು. ತಂದೆ ಸೂಫಿ ಸಂಗೀತಗಾರ ಹಜರತ್ ಇನಾಯತ್ ಖಾನ್. ಪ್ಯಾರಿಸ್ಸಿನಲ್ಲಿ ಬೆಳೆದು, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದ ಮೃದು ಸ್ವಭಾವದ ಈ ಹೆಣ್ಣುಮಗಳು, ಯುದ್ಧಕಾಲದಲ್ಲಿ ಬ್ರಿಟನ್ನಿನ ಎಸ್‌ಒಇ ಎಂಬ ಗುಪ್ತ ಸಂಸ್ಥೆಗೆ ಸೇರಿದರು.

ತರಬೇತುದಾರರಿಗೆ ಅವರ ಮೇಲೆ ನಂಬಿಕೆ ಹುಟ್ಟಲಿಲ್ಲ. ಅಣಕು ವಿಚಾರಣೆಯಲ್ಲಿ ಭಯದಿಂದ ನಡುಗಿದರು. ಸುಳ್ಳು ಹೇಳುವುದು ಅವರಿಗೆ ಒಗ್ಗಲಿಲ್ಲ. ಸ್ವಭಾವ ಚಂಚಲವಾದುದು, ಈ ಕೆಲಸಕ್ಕೆ ತಕ್ಕವರೇ ಎಂಬುದು ಸಂಶಯ, ಎಂಬ ಅರ್ಥದ ವರದಿ ಬಂತು. ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಆ ಅಭಿಪ್ರಾಯವನ್ನು ತಳ್ಳಿಹಾಕಿದರು. 1943ರ ಜೂನ್ ತಿಂಗಳಲ್ಲಿ ನೂರ್, ಜಾನ್-ಮಾರಿ ರೆನಿಯೆ ಎಂಬ ಹೆಸರಿನ, ಮಕ್ಕಳನ್ನು ನೋಡಿಕೊಳ್ಳುವ ದಾದಿಯ ವೇಷದಲ್ಲಿ ಫ್ರಾನ್ಸಿಗೆ ಇಳಿದರು. ಮಕ್ಕಳ ಕಥೆಗಾರ್ತಿಗೆ ದಾದಿಯ ವೇಷ: ಕೌಟಿಲ್ಯನ ಸೂತ್ರವೇ.

ಕೆಲವೇ ದಿನಗಳಲ್ಲಿ ಅವರು ಸೇರಿದ್ದ ಜಾಲವನ್ನು ಜರ್ಮನ್ನರು ಭೇದಿಸಿದರು. ಹಿಂದಿರುಗಿ ಬರಲು ಲಂಡನ್ ಸೂಚಿಸಿದರೂ ನೂರ್ ಒಪ್ಪಲಿಲ್ಲ. ಅಲ್ಲಿ ರೇಡಿಯೊ ನಿರ್ವಾಹಕರು ಸಿಕ್ಕಿಬೀಳದೆ ಉಳಿಯುವ ಅವಧಿ ಸರಾಸರಿ ಆರು ವಾರಗಳೆಂದು ಎಣಿಸುತ್ತಿದ್ದ ಕಾಲ. ಅವರು ಸ್ಥಳ ಬದಲಿಸುತ್ತ ಅಕ್ಟೋಬರ್‌ವರೆಗೆ ಸಂದೇಶಗಳನ್ನು ರವಾನಿಸಿದರು. ತಪ್ಪುಗಳನ್ನೂ ಮಾಡಿದರು. ಕಳುಹಿಸಿದ ಸಂದೇಶಗಳನ್ನು ಬರೆದಿಟ್ಟ ಪುಸ್ತಕ ಬಂಧನದ ಸಮಯದಲ್ಲಿ ಶತ್ರುವಿನ ಕೈಸೇರಿತು. ಅದರಿಂದ ಹಾನಿಯೂ ಆಯಿತು. ಆದರೆ ವಿಚಾರಣೆಯಲ್ಲಿ ಅವರ ಬಾಯಿಂದ ಏನನ್ನೂ ಹೊರಡಿಸಲಾಗಲಿಲ್ಲ. ಎರಡು ಸಲ ತಪ್ಪಿಸಿಕೊಳ್ಳಲು ಯತ್ನಿಸಿ ಸಿಕ್ಕಿಬಿದ್ದರು. ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಸುಮಾರು ಹತ್ತು ತಿಂಗಳು ಕೈಕಾಲುಗಳಿಗೆ ಸಂಕೋಲೆ ತೊಡಿಸಿ ಒಂಟಿಯಾಗಿ ಇಡಲಾಯಿತು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಗುಂಡಿಕ್ಕಿ ಕೊಂದರು. 1949ರಲ್ಲಿ ಬ್ರಿಟನ್ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು.

ತರಬೇತುದಾರರ ಕಣ್ಣು ಪೂರ್ಣವಾಗಿ ತಪ್ಪಿತ್ತೆನ್ನಲಾಗದು. ಮರೆಮಾಚುವ ಕುಶಲತೆ ನೂರ್ ಅವರಲ್ಲಿ ನಿಜವಾಗಿಯೂ ಕಡಿಮೆಯಿತ್ತು. ಅವರು ಅಳೆಯದೆ ಬಿಟ್ಟದ್ದು ಇನ್ನೊಂದನ್ನು: ತಾನು ಯಾರು, ಯಾವುದಕ್ಕಾಗಿ ಇಲ್ಲಿದ್ದೇನೆ ಎಂಬ ಒಳಗಿನ ನಿಶ್ಚಯ. ವೇಷ ಹರಿದ ನಂತರ ಉಳಿಯುವುದು ಅದೊಂದೇ. ಚಾತುರ್ಯ ವೇಷವನ್ನು ಕಾಯುತ್ತದೆ. ವೇಷ ಹೋದ ಮೇಲೆ ಮನುಷ್ಯನನ್ನು ಕಾಯುವುದು ಬೇರುಗಳು.

ತಾಳವಾಡಿಯ ಕಾಡಂಚಿನಲ್ಲಿ

ಯುರೋಪಿನಿಂದ ನಮ್ಮ ಮತ್ತೊಂದು ಗಡಿನಾಡಿಗೆ ಬರೋಣ. ತಮಿಳುನಾಡಿನ ಈರೋಡು ಜಿಲ್ಲೆಯ ತಾಳವಾಡಿ, ಅದಕ್ಕೆ ಹೊಂದಿದ ಚಾಮರಾಜನಗರದ ಕಾಡಂಚಿನ ಹಳ್ಳಿಗಳಲ್ಲಿ ನಮ್ಮಂತೆಯೇ ಎರಡು ಭಾಷೆಗಳ ನಡುವೆ ಬಾಳುವ ಕನ್ನಡಿಗರಿದ್ದಾರೆ. 2000ದ ಜುಲೈ 30ರಂದು ವರನಟ ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ ಗಾಜನೂರು ಇರುವುದು ಅಲ್ಲಿಯೇ.

ವೀರಪ್ಪನ್‌ಗಾಗಿ ನಡೆದ ದೀರ್ಘ ಶೋಧದಲ್ಲಿ ಗೂಢಚರ್ಯೆಯ ಎರಡೂ ಮುಖಗಳು ಕಾಣುತ್ತವೆ. 1992ರ ಆಗಸ್ಟ್ 14ರಂದು, ಮಾಹಿತಿದಾರನ ಮೂಲಕ ಬಂದ ಸುದ್ದಿಯನ್ನು ನಂಬಿ ಹೊರಟ ಕರ್ನಾಟಕದ ಪೊಲೀಸ್ ಅಧೀಕ್ಷಕ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಅವರೊಂದಿಗಿದ್ದ ಸಿಬ್ಬಂದಿ ಮೀಣ್ಯಂ ಬಳಿ ಹೊಂಚುದಾಳಿಗೆ ಬಲಿಯಾದರು. ಒಬ್ಬನ ಮಾತನ್ನು ನಂಬಬೇಡ ಎಂಬ ಪ್ರಾಚೀನ ಎಚ್ಚರಿಕೆಯ ಬೆಲೆ ಅಂದು ರಕ್ತದಲ್ಲಿ ತಿಳಿಯಿತು.

ಹನ್ನೆರಡು ವರ್ಷಗಳ ನಂತರ, 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ಶೋಧ ಕೊನೆಗೊಂಡಿತು. ಕೆ. ವಿಜಯಕುಮಾರ್ ನೇತೃತ್ವದ ತಮಿಳುನಾಡು ವಿಶೇಷ ಕಾರ್ಯಪಡೆ ನೀಡಿದ ವಿವರದಂತೆ, ತಿಂಗಳುಗಳ ಕಾಲ ತಾಳ್ಮೆಯಿಂದ ಹೆಣೆದ ಜಾಲದ ಕೊನೆಯ ಕೊಂಡಿ ಒಂದು ಆಂಬುಲೆನ್ಸ್. ಕಣ್ಣಿನ ಚಿಕಿತ್ಸೆಗೆಂದು ಕಾಡಿನಿಂದ ಹೊರಬಂದ ವೀರಪ್ಪನ್ ಮತ್ತು ಮೂವರು ಸಂಗಡಿಗರು ಅದರಲ್ಲಿ ಕುಳಿತಿದ್ದರು. ಚಾಲಕನಾಗಿದ್ದವನು ವೇಷ ಮರೆಸಿದ ಪೊಲೀಸ್. ಬೆನ್ನ ಹಿಂದೆ ಶಸ್ತ್ರಧಾರಿಗಳು, ಮುಂದೆ ಕತ್ತಲೆಯ ರಸ್ತೆ, ರಸ್ತೆಯ ಕೊನೆಯಲ್ಲಿ ತನ್ನವರದೇ ಬಂದೂಕುಗಳು. ಗಾಡಿಯ ವೇಗವನ್ನಾಗಲಿ ದನಿಯನ್ನಾಗಲಿ ಅನುಮಾನ ಹುಟ್ಟುವಂತೆ ಬದಲಿಸುವಂತಿಲ್ಲ. ಅಂಥ ಹೊತ್ತಿನಲ್ಲಿ ಕೈ ನಡುಗದಿರುವುದು ಹುಟ್ಟುಧೈರ್ಯಕ್ಕಿಂತ ಹೆಚ್ಚಾಗಿ ಅಭ್ಯಾಸದ ಫಲ. ಮಾಡಬೇಕಾದ ಪ್ರತಿಯೊಂದನ್ನೂ ಮೊದಲೇ ದೇಹಕ್ಕೆ ಕಲಿಸಿಟ್ಟಾಗ, ಭಯಕ್ಕೆ ತಲೆಯಲ್ಲಿ ಸ್ಥಳ ಸಿಕ್ಕರೂ ಕೈಯಲ್ಲಿ ಸಿಗುವುದಿಲ್ಲ.

ಆ ಚಾಲಕನಿಗೆ ಒಂದು ಇಲಾಖೆಯಿತ್ತು, ಒಂದು ನಿಜ ಹೆಸರಿತ್ತು, ಕಾರ್ಯಾಚರಣೆಗೆ ಒಂದು ಕೊನೆಯ ದಿನವೂ ಇತ್ತು. ಕಾಡಂಚಿನ ಹಳ್ಳಿಗನಿಗೆ ಇವಾವುವೂ ಇರಲಿಲ್ಲ. ಮಾಹಿತಿದಾರನೆಂಬ ಅನುಮಾನ ಬಂದರೆ ವೀರಪ್ಪನ್ ಕೊಲ್ಲುತ್ತಿದ್ದ. ಮಾಹಿತಿ ಕೊಡಲಿಲ್ಲವೆಂದರೆ ಪೊಲೀಸರು ಅವನ ಕಡೆಯವನೆಂದು ಎಳೆದೊಯ್ಯುತ್ತಿದ್ದರು. ಎರಡೂ ರಾಜ್ಯಗಳ ಕಾರ್ಯಪಡೆಗಳ ವಿರುದ್ಧ ಬಂದ ದೌರ್ಜನ್ಯದ ದೂರುಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. 2007ರಲ್ಲಿ ಆಯೋಗವು 89 ಸಂತ್ರಸ್ತರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಶಿಫಾರಸು ಮಾಡಿತು. ಗೂಢಚರ್ಯೆಯ ಮಾನಸಿಕ ಹೊರೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಅಧಿಕಾರಿಯ ಬಗೆಗೇ ಇರುತ್ತವೆ. ಆದರೆ ತರಬೇತಿಯಿಲ್ಲದೆ, ಒಪ್ಪಿಗೆಯಿಲ್ಲದೆ ಅದೇ ಹೊರೆಯನ್ನು ಹೊತ್ತವರು ಇಂಥ ಹಳ್ಳಿಗರು.

ನಮ್ಮ ನೆಲದ ಮೌನ

ಈ ಮಾತು ಕೊಡಂಗಲ್ಲಿಗೂ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಕೊಡಂಗಲ್ ಮತ್ತು ತಾಂಡೂರು ಗುಲಬರ್ಗಾ ಜಿಲ್ಲೆಯ ತಾಲೂಕುಗಳು. ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಯವು. ಎಲ್ಲವೂ ನಿಜಾಮರ ಹೈದರಾಬಾದು ಸಂಸ್ಥಾನದ ಭಾಗ. 1947ರ ಆಗಸ್ಟ್‌ನಿಂದ 1948ರ ಸೆಪ್ಟೆಂಬರ್ 17ರವರೆಗಿನ ಹದಿಮೂರು ತಿಂಗಳು ಈ ನೆಲದ ಜನ ಗುಟ್ಟಿನಲ್ಲಿ ಬಾಳಿದ ಕಾಲ. ಸಿಂದಗಿಯಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ಸು ಸತ್ಯಾಗ್ರಹ ಆರಂಭಿಸಿದಾಗ ಮುಖಂಡರು ಸೆರೆಮನೆ ಸೇರಿದರು. ಹೊರಗುಳಿದವರು ಗಡಿಯಾಚೆ ಶಿಬಿರಗಳನ್ನು ಕಟ್ಟಿದರು. ಕನ್ನಡ ಭಾಗದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ ಹೆಸರಾದದ್ದು. ಒಳಗಿದ್ದ ಹಳ್ಳಿಗಳಲ್ಲಿ ಖಾಸಿಂ ರಜ್ವಿಯ ರಜಾಕಾರರ ಭಯ.

ಶಿಬಿರ ನಡೆಯಬೇಕಾದರೆ ಒಳಗಿನಿಂದ ಸುದ್ದಿ ಬರಬೇಕು. ಸುದ್ದಿ ತರುವವನು ಸಂತೆಗೆ ಹೊರಟ ರೈತನಂತೆ, ನೆಂಟರ ಮನೆಗೆ ಹೊರಟವನಂತೆ ಕಾಣಬೇಕು. ಠಾಣೆಯವರೆದುರು ಉರ್ದು, ದಾರಿಯಲ್ಲಿ ತೆಲುಗು, ತಂಗುವ ಮನೆಯಲ್ಲಿ ಕನ್ನಡ ಆಡಬೇಕು. ನಾವು ಇಂದು ಸಲೀಸಾಗಿ ಮಾಡುವ ಮಾತಿನ ಬದಲಾವಣೆ ಅಂದು ಪ್ರಾಣದ ಪ್ರಶ್ನೆಯಾಗಿತ್ತು. ಅನುಮಾನವೇ ಆ ವರ್ಷದ ಗಾಳಿ. ನೆರೆಯವನು ಯಾರ ಕಣ್ಣು, ಯಾರ ಕಿವಿ ಎಂಬುದು ತಿಳಿಯದು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಅದೇ ಅನುಮಾನ ದಿಕ್ಕು ಬದಲಿಸಿ, ರಜಾಕಾರರೊಂದಿಗೆ ಸಂಬಂಧವಿಲ್ಲದ ಮುಸ್ಲಿಮರ ಮೇಲೂ ಎರಗಿತು. ಆಗ ನಡೆದ ಕೊಲೆಗಳನ್ನು ಪಂಡಿತ ಸುಂದರಲಾಲ್ ಸಮಿತಿಯು ತನ್ನ ವರದಿಯಲ್ಲಿ ದಾಖಲಿಸಿದೆ. ಆ ವರದಿ ಸಾರ್ವಜನಿಕರ ಕೈಗೆ ಬರಲು ದಶಕಗಳೇ ಬೇಕಾದವು.

ಕಾರ್ಯ ಮುಗಿಯಿತು, ಮೌನ ಮುಗಿಯಲಿಲ್ಲ. ನಾಯಕರು ಆತ್ಮಕಥೆ ಬರೆದರು. ಚೀಟಿ ಮುಟ್ಟಿಸಿದವರು, ಅನ್ನ ಕೊಟ್ಟು ರಾತ್ರಿ ಮುಚ್ಚಿಟ್ಟ ಮನೆಯ ಹೆಂಗಸರು ಬರೆಯಲಿಲ್ಲ. ಎಂಟು ವರ್ಷಗಳಲ್ಲಿ ರಾಜ್ಯದ ಗಡಿಯೂ ಬದಲಾಯಿತು. ಕನ್ನಡದಲ್ಲಿ ನಡೆದ ನೆನಪುಗಳಿಗೆ ಕನ್ನಡದಲ್ಲಿ ಕೇಳುವ ಕಚೇರಿ, ಶಾಲೆ, ಪತ್ರಿಕೆಗಳು ಗಡಿಯಾಚೆ ಉಳಿದವು.

ಮರಳುವ ದಾರಿ

ಮಾರುವೇಷದ ಕೆಲಸದಲ್ಲಿ ಅತ್ಯಂತ ಕಡೆಗಣಿತವಾದ ಭಾಗ ಮರಳುವಿಕೆ. ಗುಪ್ತ ಕಾರ್ಯಾಚರಣೆಯ ಪೊಲೀಸರನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕೆನಡಾದ ಮನಶ್ಶಾಸ್ತ್ರಜ್ಞ ಮಿಷೆಲ್ ಗಿರೋಡೊ, ಅವರಲ್ಲಿ ಮಾನಸಿಕ ತೊಂದರೆಯ ಲಕ್ಷಣಗಳು ಕಾರ್ಯಾಚರಣೆಯ ಸಮಯದಲ್ಲಿಯಷ್ಟೇ ಅಲ್ಲದೆ ನಂತರವೂ ಕಾಣಿಸಿಕೊಳ್ಳುವುದನ್ನು ಗುರುತಿಸಿದರು. ಮದ್ಯ, ಮಾದಕವಸ್ತುಗಳತ್ತ ಜಾರುವ ಅಪಾಯವನ್ನೂ ಎಚ್ಚರಿಸಿದರು. ಯಾರೂ ಮೇಲ್ವಿಚಾರಣೆ ಮಾಡದೆ ಬಿಟ್ಟಾಗ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ನಿದರ್ಶನವಿದೆ. 1968ರಿಂದ 2008ರವರೆಗೆ ಲಂಡನ್ ಪೊಲೀಸರ ಒಂದು ಗುಪ್ತದಳ ಪ್ರತಿಭಟನಾ ಸಂಘಟನೆಗಳೊಳಗೆ ಅಧಿಕಾರಿಗಳನ್ನು ವರ್ಷಗಟ್ಟಲೆ ಇರಿಸಿತ್ತು. ಕೆಲವರು ಸತ್ತ ಮಕ್ಕಳ ಹೆಸರುಗಳನ್ನು ತಮ್ಮದಾಗಿಸಿಕೊಂಡರು. ಏನೂ ಅರಿಯದ ಮಹಿಳೆಯರೊಂದಿಗೆ ಸುಳ್ಳು ಹೆಸರಿನಲ್ಲಿ ಸಂಸಾರದಂಥ ಸಂಬಂಧ ಬೆಳೆಸಿದರು. 2015ರಲ್ಲಿ ಲಂಡನ್ ಪೊಲೀಸರು ಅಂಥ ಏಳು ಮಹಿಳೆಯರ ಕ್ಷಮೆ ಕೇಳಿದರು. ಸಾರ್ವಜನಿಕ ವಿಚಾರಣೆಯನ್ನೂ ಅದೇ ವರ್ಷ ಸ್ಥಾಪಿಸಲಾಯಿತು. ಮನಸ್ಸಿನ ಕ್ಷೇಮ ಅಧಿಕಾರಿಯೊಬ್ಬನ ಖಾಸಗಿ ವಿಷಯವಲ್ಲ. ಅದು ಕೆಟ್ಟಾಗ ಹಾನಿ ಮೂರನೆಯವರಿಗೂ ತಟ್ಟುತ್ತದೆ.

ಈ ಎಲ್ಲ ನಿದರ್ಶನಗಳಿಂದ ಹೊರಡುವ ತಿಳಿವಳಿಕೆ ಸರಳವಾದುದು. ತಾಳುವ ಶಕ್ತಿ ಒಬ್ಬಂಟಿಯ ಗುಣವಲ್ಲ. ಅದು ಇನ್ನೊಬ್ಬರ ಜೊತೆಗೆ ಕಟ್ಟಿದ ಏರ್ಪಾಡು. ಕಳುಹಿಸುವವರು ಅವಧಿಯನ್ನು ಮೊದಲೇ ನಿಗದಿಪಡಿಸಬೇಕು. ನಿಜ ಹೆಸರು ಹಿಡಿದು ಕರೆಯುವ, ಕ್ರಮವಾಗಿ ಭೇಟಿಯಾಗುವ ಒಬ್ಬ ಹಿರಿಯನಿರಬೇಕು. ಬಡ್ತಿಗೆ ಧಕ್ಕೆಯಾದೀತೆಂಬ ಭಯವಿಲ್ಲದೆ ಮಾತಾಡಬಹುದಾದ ವೈದ್ಯರಿರಬೇಕು. ಮನೆಯವರನ್ನು ಒತ್ತೆಯಾಳಿನಂತೆ ಕಾಣದೆ ಆಧಾರವೆಂದು ಕಾಣಬೇಕು. ಕೆಲಸ ಮುಗಿದ ಮೇಲೆ ಹಳೆಯ ಹೆಸರಿನ ಬದುಕಿಗೆ ನಿಧಾನವಾಗಿ, ಗೌರವದಿಂದ ಮರಳಲು ಕಾಲ ಕೊಡಬೇಕು. ಯುದ್ಧಕಾಲದ ಆ ಪರೀಕ್ಷಾಕೇಂದ್ರದಲ್ಲಿದ್ದ ನಿಜದ ಕೋಣೆ ಪ್ರತಿ ಕಾರ್ಯಾಚರಣೆಯಲ್ಲಿಯೂ ಇರಬೇಕು.

ಹಳ್ಳಿಯ ಮಾಹಿತಿದಾರನಿಗೆ ಮತ್ತು ಸಾಕ್ಷಿಗೆ ಕಾನೂನು ಕೆಲಮಟ್ಟಿನ ಆಸರೆ ನೀಡುತ್ತದೆ. ಅಪರಾಧದ ಸುದ್ದಿ ಯಾರಿಂದ ಬಂತೆಂದು ಹೇಳುವಂತೆ ಪೊಲೀಸರನ್ನು ಒತ್ತಾಯಿಸಲಾಗದೆಂದು 1872ರ ಸಾಕ್ಷ್ಯ ಕಾಯ್ದೆಯ 125ನೆಯ ಕಲಮು ಹೇಳಿತ್ತು. ಹೊಸ ಕಾಯ್ದೆಯೂ ಅದನ್ನು ಉಳಿಸಿಕೊಂಡಿದೆ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟು ಸಾಕ್ಷಿ ಸಂರಕ್ಷಣಾ ಯೋಜನೆಗೆ ಅನುಮೋದನೆ ನೀಡಿ, ಬೆದರಿಕೆಗೆ ಒಳಗಾದ ಸಾಕ್ಷಿಗಳಿಗೆ ರಕ್ಷಣೆಯನ್ನು ದೇಶಾದ್ಯಂತ ಜಾರಿಗೊಳಿಸಿತು. ಜೀವಕ್ಕೆ ರಕ್ಷಣೆಯ ಮಾತು ಅಲ್ಲಿದೆ. ಮನಸ್ಸಿನ ಆರೈಕೆಯ ಮಾತು ಇನ್ನೂ ಬಲವಾಗಿ ಬರಬೇಕಾಗಿದೆ.

ನಮ್ಮ ಕೈಯಲ್ಲಿಯೂ ಒಂದು ಕೆಲಸವಿದೆ. 1948ರಲ್ಲಿ ಹದಿನೆಂಟರ ಪ್ರಾಯದಲ್ಲಿದ್ದವರು ಇಂದು ತೊಂಬತ್ತೈದರ ಆಸುಪಾಸಿನಲ್ಲಿದ್ದಾರೆ. ರಜಾಕಾರರ ಕಾಲದ ಮಾತು ಬಂದರೆ ಎದ್ದು ಹೋಗುವ, ಅಥವಾ ನಕ್ಕು ವಿಷಯ ಬದಲಿಸುವ ಹಿರಿಯರು ನಮ್ಮ ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಒತ್ತಾಯಿಸಿ ಕೇಳಬಾರದು. ಪ್ರಶ್ನೆಗಳ ಪಟ್ಟಿ ಹಿಡಿದು ಕೂರುವುದಕ್ಕಿಂತ ಸಂಜೆಯ ಹೊತ್ತು ಅವರ ಬಳಿ ಸುಮ್ಮನೆ ಕೂತಿರುವುದು ಲೇಸು. ತೆಲುಗು ಶಾಲೆಯಲ್ಲಿ ಓದುವ ಮೊಮ್ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು, ಮನೆಮಾತಿನಲ್ಲಿಯೇ ಮಾತಾಡಿಸಬೇಕು. ಏಳು ದಶಕಗಳಿಗೂ ಮೀರಿ ಬೇರೆಬೇರೆ ಮಾತುಗಳಲ್ಲಿ ಕಾಪಾಡಿಕೊಂಡು ಬಂದ ಗುಟ್ಟು ಹೊರಬರುವುದಾದರೆ ಕನ್ನಡದಲ್ಲಿಯೇ ಬಂದೀತು. ಅವರು ಹೇಳಿದ್ದನ್ನು, ಅವರ ಒಪ್ಪಿಗೆಯಿದ್ದರೆ, ಬರೆದಿಡೋಣ. ಹೇಳದಿದ್ದರೆ, ಅವರ ಮೌನದಲ್ಲಿಯೂ ಒಂದು ಸೇವೆಯ ನೆನಪಿದೆಯೆಂದು ತಿಳಿದು, ಅವರನ್ನು ಅವರ ನಿಜ ಹೆಸರಿನಿಂದ ಗೌರವದಿಂದ ಕಾಣೋಣ.